ಆಂಡ್ರ್ಯೂ ಕಾರ್ನೆಗಿ, ಅವರ ಗ್ರಂಥಾಲಯ ದಾನ ಮತ್ತು ನಮ್ಮ ಊರಿನ ವಾಚನಾಲಯ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೊಂದು ವಾಚನಾಲಯ ಕಟ್ಟಿಸಿಕೊಡಲು ದಾನಿಯೊಬ್ಬರು ಮುಂದೆ ಬಂದಾಗ ಕಾರ್ನೆಗಿ ಹೆಸರು ಬಂದೇ ಬರುತ್ತದೆ. ಆದರೆ ಅವರು ಕೊಟ್ಟದ್ದೆಷ್ಟು ಎಂಬ ಮಾತು ನಡೆಯುವಷ್ಟು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬ ಮಾತು ನಡೆಯುವುದಿಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಕನ್ನಡ ವಾಚನಾಲಯ ಸಮಿತಿಗಳಿಗೆ ಬೇಕಾದದ್ದು ಆ ಷರತ್ತೇ. ಈ ಪುಟದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಕಾರ್ನೆಗಿ ಯಾರು?

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನಲ್ಲಿ 1835ರ ನವೆಂಬರ್ 25ರಂದು ಹುಟ್ಟಿ, ಅಮೆರಿಕದಲ್ಲಿ ಉಕ್ಕಿನ ಉದ್ಯಮ ಕಟ್ಟಿದವರು. 1901ರಲ್ಲಿ ಕಂಪನಿಯನ್ನು ಮಾರಿ, ಉಳಿದ ಆಯುಷ್ಯವನ್ನು ದುಡ್ಡು ಹಂಚುವುದರಲ್ಲೇ ಕಳೆದರು. 1919ರ ಆಗಸ್ಟ್ 11ರಂದು ಮ್ಯಾಸಚೂಸೆಟ್ಸಿನ ಲೆನಾಕ್ಸ್‌ನಲ್ಲಿ ತೀರಿಕೊಂಡರು.

ನೇಕಾರರ ಮನೆಯ ಹುಡುಗ ಎನ್ನುತ್ತಾರೆ, ನಿಜವೇ?

ನಿಜ. ತಂದೆ ವಿಲಿಯಂ ಕೈಮಗ್ಗದಲ್ಲಿ ಹೂಬಳ್ಳಿಯ ಲಿನನ್ ಬಟ್ಟೆ ನೇಯುತ್ತಿದ್ದರು. ಹಬೆಯಿಂದ ಓಡುವ ಮಗ್ಗದ ಕಾರ್ಖಾನೆ ಬಂದ ಮೇಲೆ ಮನೆಮಗ್ಗಕ್ಕೆ ಕೆಲಸ ಸಿಗುವುದು ನಿಂತಿತು. ಕಾಸರಗೋಡು ಸೀರೆಯ ಮಗ್ಗಗಳು ಒಂದೊಂದಾಗಿ ಸದ್ದಡಗಿದ್ದನ್ನು ಕಂಡವರಿಗೆ ಆ ಮನೆಯ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ತಾಯಿ ಮಾರ್ಗರೆಟ್ ಚಪ್ಪಲಿ ಹೊಲಿಗೆಯ ಕೆಲಸ ಹಿಡಿದು ಸಂಸಾರ ತೂಗಿದರು. 1848ರಲ್ಲಿ ಇಡೀ ಕುಟುಂಬ ಪೆನ್ಸಿಲ್ವೇನಿಯಾದ ಅಲೆಗೆನಿಗೆ ವಲಸೆ ಹೋಯಿತು. ಹದಿಮೂರರ ಆಂಡ್ರ್ಯೂ ಹತ್ತಿ ಗಿರಣಿಯಲ್ಲಿ ಬಾಬಿನ್ ಬದಲಿಸುವ ಹುಡುಗನಾದ. ವಾರಕ್ಕೆ ಆರು ದಿನ, ದಿನಕ್ಕೆ 12 ಗಂಟೆ ದುಡಿತ. ಸಂಬಳ ವಾರಕ್ಕೆ 1 ಡಾಲರ್ 20 ಸೆಂಟ್.

ಶಾಲೆ, ಆಸ್ಪತ್ರೆ ಎಲ್ಲ ಇರುವಾಗ ಗ್ರಂಥಾಲಯವನ್ನೇ ಯಾಕೆ ಹಿಡಿದರು?

ಅಲೆಗೆನಿಯಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬವರ ಬಳಿ ಸುಮಾರು 400 ಪುಸ್ತಕಗಳಿದ್ದವು. ದುಡಿಯುವ ಹುಡುಗರಿಗೆ ಅವರು ಅದನ್ನು ತೆರೆದುಕೊಟ್ಟರು. ಶನಿವಾರ ಬಂದು ಒಂದು ಪುಸ್ತಕ ಒಯ್ಯಬೇಕು, ಮುಂದಿನ ಶನಿವಾರ ಅದನ್ನು ಹಿಂದಿರುಗಿಸಿ ಇನ್ನೊಂದು ಒಯ್ಯಬಹುದು. ಆಗ ತಂತಿ ಕಚೇರಿಯಲ್ಲಿ ಸಂದೇಶ ಒಯ್ಯುವ ಕೆಲಸದಲ್ಲಿದ್ದ ಆಂಡ್ರ್ಯೂ ಅಲ್ಲಿ ಓದಿ ಬೆಳೆದ.

ಮುಂದೆ ಆ ಗ್ರಂಥಾಲಯದ ಆಡಳಿತ ಬದಲಾಗಿ, ಕಸುಬು ಕಲಿಯುವ ಹುಡುಗರಿಗೆ ಮಾತ್ರ ಪುಕ್ಕಟೆ, ಉಳಿದವರು ವರ್ಷಕ್ಕೆ 2 ಡಾಲರ್ ಕಟ್ಟಬೇಕು ಎಂಬ ನಿಯಮ ಬಂತು. ಆಂಡ್ರ್ಯೂ 1853ರಲ್ಲಿ ಪಿಟ್ಸ್‌ಬರ್ಗಿನ ಪತ್ರಿಕೆಗೆ ಕಾಗದ ಬರೆದು ಇದನ್ನು ಪ್ರಶ್ನಿಸಿದ. ನಿಯಮ ಸಡಿಲವಾಯಿತು. ಚಂದಾ ಎಂಬ ಸಣ್ಣ ಬೇಲಿಯೂ ಬಡ ಹುಡುಗನನ್ನು ಹೊರಗೇ ನಿಲ್ಲಿಸುತ್ತದೆ ಎಂಬುದು ಅವರಿಗೆ ಗೊತ್ತಾದದ್ದು ಹೀಗೆ. ಮುಂದೆ ಅವರ ದಾನದ ಗ್ರಂಥಾಲಯಗಳಲ್ಲಿ ಓದು ಪುಕ್ಕಟೆಯಾಗಿರಬೇಕು ಎಂಬ ಷರತ್ತು ಬಂದದ್ದಕ್ಕೆ ಬೇರು ಇಲ್ಲೇ ಇದೆ. ಆಂಡರ್ಸನ್ನರ ನೆನಪಿಗೆ ಅಲೆಗೆನಿಯ ಗ್ರಂಥಾಲಯದ ಎದುರು ಸ್ಮಾರಕವನ್ನೂ ನಿಲ್ಲಿಸಿದರು.

ಇಷ್ಟು ದುಡ್ಡು ಬಂದದ್ದು ಹೇಗೆ?

ಮೂರು ಮೆಟ್ಟಿಲು. ಮೊದಲನೆಯದು ರೈಲ್ವೆ. 1853ರಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಯ ಥಾಮಸ್ ಸ್ಕಾಟ್ ತಿಂಗಳಿಗೆ 35 ಡಾಲರಿಗೆ ಕೆಲಸ ಕೊಟ್ಟರು. ಆರು ವರ್ಷದಲ್ಲಿ ಪಶ್ಚಿಮ ವಿಭಾಗದ ಮೇಲಧಿಕಾರಿಯ ಸ್ಥಾನಕ್ಕೆ ಏರಿದರು. ಎರಡನೆಯದು ಶೇರು: ರೈಲ್ವೆಯೊಡನೆ ವ್ಯವಹಾರ ಇದ್ದ ಕಂಪನಿಗಳಲ್ಲಿ ಹಣ ತೊಡಗಿಸಿದರು. ಒಳಗಿನ ಮಾಹಿತಿ ಕೈಯಲ್ಲಿದ್ದವರಿಗೆ ಮಾತ್ರ ಸಿಗುವ ಲಾಭ ಅದು. ಇಂದಿನ ಕಾನೂನು ಅದರಲ್ಲಿ ಹಲವನ್ನು ಒಪ್ಪುವುದಿಲ್ಲ. ಮೂರನೆಯದು ಉಕ್ಕು. ಬೆಸೆಮರ್ ವಿಧಾನದಲ್ಲಿ, ಅಂದರೆ ಕರಗಿದ ಕಬ್ಬಿಣಕ್ಕೆ ಗಾಳಿ ಊದಿ, ಉಕ್ಕು ಮಾಡುವ ಎಡ್ಗರ್ ಥಾಮ್ಸನ್ ಕಾರ್ಖಾನೆ 1875ರಲ್ಲಿ ಬ್ರಾಡಕ್‌ನಲ್ಲಿ ಕೆಲಸ ಶುರುಮಾಡಿತು. ಒಂದೊಂದು ಟನ್ನಿಗೆ, ಒಂದೊಂದು ಹಂತಕ್ಕೆ ಎಷ್ಟು ಖರ್ಚು ಎಂದು ಲೆಕ್ಕ ಇಡುವುದು, ಹಳೆಯ ಯಂತ್ರ ಇನ್ನೂ ಓಡುತ್ತಿದ್ದರೂ ಕಿತ್ತು ಹೊಸದು ಹಾಕುವುದು, ಮಾರುಕಟ್ಟೆ ಕುಸಿದಾಗಲೇ ಕಾರ್ಖಾನೆ ಬೆಳೆಸುವುದು ಅವರ ಪದ್ಧತಿ.

1901ರಲ್ಲಿ ಬ್ಯಾಂಕರ್ ಜೆ. ಪಿ. ಮಾರ್ಗನ್ ಗುಂಪು ಈ ಉದ್ಯಮವನ್ನು 48 ಕೋಟಿ ಡಾಲರಿಗೆ ಕೊಂಡಿತು. ಕಾರ್ನೆಗಿ ಪಾಲು ಸುಮಾರು 22.5 ಕೋಟಿ ಡಾಲರ್, ಅದೂ ಶೇ. 5 ಬಡ್ಡಿಯ ಬಾಂಡುಗಳಲ್ಲಿ.

ಕಾರ್ಮಿಕರ ಮೇಲೆ ಗುಂಡು ಹಾರಿಸಿದ ಪ್ರಕರಣ ಏನು? ಅದನ್ನು ಮರೆಯಬೇಕೇ?

ಮರೆಯಬಾರದು. 1892ರಲ್ಲಿ ಹೋಮ್‌ಸ್ಟೆಡ್ ಕಾರ್ಖಾನೆಯ ಕಾರ್ಮಿಕ ಸಂಘದೊಂದಿಗಿನ ಒಪ್ಪಂದ ಮುಗಿದಾಗ, ಆಡಳಿತ ನೋಡುತ್ತಿದ್ದ ಹೆನ್ರಿ ಫ್ರಿಕ್ ಸಂಬಳ ಇಳಿಸಲು ಹೊರಟು, ಒಪ್ಪದ ಕಾರ್ಮಿಕರನ್ನು ಹೊರಗೆ ಹಾಕಿ ಬೀಗ ಜಡಿದರು. ಜುಲೈ 6ರ ಬೆಳಗಿನ ಜಾವ ಪಿಂಕರ್ಟನ್ ಸಂಸ್ಥೆಯ 300 ಕಾವಲುಗಾರರನ್ನು ದೋಣಿಗಳಲ್ಲಿ ನದಿಯ ಮೂಲಕ ತರಿಸಿದರು. ದಿನವಿಡೀ ಗುಂಡಿನ ಕಾಳಗ ನಡೆದು ಎರಡೂ ಕಡೆ ಸೇರಿ ಸುಮಾರು ಹತ್ತು ಮಂದಿ ಸತ್ತರು. ಬಳಿಕ ರಾಜ್ಯದ ಸೇನೆ ಬಂತು, ಸಂಘ ಮುರಿಯಿತು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದರು. ಆದರೆ ಫ್ರಿಕ್ ಅವರಿಗೆ ಬೆಂಬಲ ಕೊಟ್ಟಿದ್ದರು. ಕಾರ್ಮಿಕ ಸಂಘ ಕಟ್ಟುವ ಹಕ್ಕನ್ನು ಅದಕ್ಕೂ ಮೊದಲು ಬರಹದಲ್ಲಿ ಎತ್ತಿಹಿಡಿದವರೂ ಅವರೇ.

ದಿನಕ್ಕೆ 12 ಗಂಟೆ ಕುಲುಮೆಯ ಮುಂದೆ ನಿಂತವನಿಗೆ ಪುಸ್ತಕ ಹಿಡಿಯುವ ತ್ರಾಣ ಎಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಆಗಲೇ ಕಾರ್ಮಿಕರು ಎತ್ತಿದ್ದರು. ಅದು ನ್ಯಾಯವಾದ ಪ್ರಶ್ನೆ. ಹೋಮ್‌ಸ್ಟೆಡ್‌ನಲ್ಲಿ 1898ರಲ್ಲಿ ಕಾರ್ನೆಗಿ ಗ್ರಂಥಾಲಯ ತೆರೆಯಿತು. ಅದರಿಂದ 1892ರ ಲೆಕ್ಕ ಚುಕ್ತಾ ಆಗಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಎರಡನ್ನೂ ಒಂದೇ ಪುಟದಲ್ಲಿ ಬರೆದಿಡಬೇಕು.

ಒಟ್ಟು ಎಷ್ಟು ಕೊಟ್ಟರು?

ಸುಮಾರು 35 ಕೋಟಿ ಡಾಲರ್, ಅಂದರೆ ಸಂಪತ್ತಿನ ನೂರಕ್ಕೆ ತೊಂಬತ್ತು ಪಾಲು. ಗ್ರಂಥಾಲಯ ಕಟ್ಟಡಗಳಿಗೆ ಹೋದದ್ದು ಅದರಲ್ಲಿ ಸುಮಾರು 5.6 ಕೋಟಿ ಮಾತ್ರ; ಕಟ್ಟಡಗಳ ಸಂಖ್ಯೆ 2,509. ಇವುಗಳಲ್ಲಿ 1,679 ಅಮೆರಿಕದಲ್ಲಿ, 660 ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ, 125 ಕೆನಡಾದಲ್ಲಿ. ಮೊದಲನೆಯದು 1883ರಲ್ಲಿ ಹುಟ್ಟೂರು ಡನ್‌ಫರ್ಮ್‌ಲಿನ್‌ನಲ್ಲೇ ತೆರೆಯಿತು.

ಉಳಿದದ್ದರಲ್ಲಿ ದೊಡ್ಡವು: ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳ ಟ್ರಸ್ಟ್ (1901), ಪ್ರಾಣದ ಹಂಗು ತೊರೆದು ಇನ್ನೊಬ್ಬರನ್ನು ಉಳಿಸಿದವರ ಕುಟುಂಬಕ್ಕೆ ನೆರವಾಗುವ ವೀರ ನಿಧಿ (1904), ಕಾಲೇಜು ಅಧ್ಯಾಪಕರ ಪಿಂಚಣಿಗಾಗಿ ಪ್ರತಿಷ್ಠಾನ (1905), ಹೇಗ್ ನಗರದ ಶಾಂತಿ ಭವನ (1913). 1911ರಲ್ಲಿ ಉಳಿದ ಹಣದ ಬಹುಪಾಲನ್ನು ಸುರಿದು ನ್ಯೂಯಾರ್ಕಿನ ಕಾರ್ನೆಗಿ ಕಾರ್ಪೊರೇಷನ್ ಕಟ್ಟಿದರು. ಚರ್ಚುಗಳಿಗೆ ಏಳು ಸಾವಿರಕ್ಕೂ ಹೆಚ್ಚು ಆರ್ಗನ್ ವಾದ್ಯಗಳನ್ನೂ ಕೊಟ್ಟರು.

ಇದರ ಹಿಂದಿನ ತತ್ವವನ್ನು 1889ರಲ್ಲೇ ಪ್ರಬಂಧವಾಗಿ ಬರೆದಿದ್ದರು. ಸಿರಿವಂತ ತನ್ನ ಸಂಪತ್ತಿಗೆ ಧರ್ಮದರ್ಶಿ ಮಾತ್ರ, ಅದನ್ನು ಬದುಕಿರುವಾಗಲೇ ಸಮಾಜಕ್ಕೆ ವಿನಿಯೋಗಿಸಬೇಕು, ಸತ್ತವರ ಆಸ್ತಿಯ ಮೇಲೆ ಸರಕಾರ ಭಾರೀ ತೆರಿಗೆ ಹಾಕಬೇಕು ಎಂಬುದು ಅದರ ತಿರುಳು.

ಗ್ರಂಥಾಲಯ ಬೇಕಾದ ಊರು ಏನು ಮಾಡಬೇಕಿತ್ತು?

ಮೊದಲು ಒಂದು ಕಾಗದ. ಅದು ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್ ಅವರ ಮೇಜಿಗೆ ಹೋಗುತ್ತಿತ್ತು. ಉತ್ತರವಾಗಿ ಒಂದು ಅಚ್ಚಾದ ಪ್ರಶ್ನಾವಳಿ ಬರುತ್ತಿತ್ತು: ಜನಸಂಖ್ಯೆ ಎಷ್ಟು, ಈಗ ಗ್ರಂಥಾಲಯ ಇದೆಯೇ, ಎಷ್ಟು ಪುಸ್ತಕ, ಕಳೆದ ವರ್ಷ ಎಷ್ಟು ಪುಸ್ತಕ ಓದುಗರ ಕೈಗೆ ಹೋದವು, ಯಾವ ಕೋಣೆ ಯಾವ ಅಳತೆಯದು, ವರ್ಷಕ್ಕೆ ಎಷ್ಟು ತೆರಿಗೆ ಹಣ ಕೊಡುತ್ತೀರಿ, ಜಾಗ ಇದೆಯೇ, ಕೈಯಲ್ಲಿ ಎಷ್ಟು ರೊಕ್ಕ ಇದೆ. ಎಷ್ಟೋ ಊರುಗಳು ತಮ್ಮ ಗ್ರಂಥಾಲಯದ ನಿಜವಾದ ಲೆಕ್ಕ ನೋಡಿದ್ದು ಆ ಕಾಗದ ತುಂಬುವಾಗಲೇ ಇರಬೇಕು.

ಮುಂದಿನದು ಊರಾಡಳಿತದ ನಿರ್ಣಯ. ಜಾಗ ಊರಿನದ್ದು, ಸಾಲಮುಕ್ತವಾಗಿರಬೇಕು. ಕೊಟ್ಟ ಮೊತ್ತದ ಹತ್ತನೇ ಒಂದು ಪಾಲನ್ನು ಪ್ರತಿವರ್ಷ ತೆರಿಗೆಯಿಂದ ಗ್ರಂಥಾಲಯಕ್ಕೆ ಕೊಡುತ್ತೇವೆ ಎಂದು ಬರೆದುಕೊಡಬೇಕು. ಓದು ಪುಕ್ಕಟೆ. ಮಂಜೂರಾಗುತ್ತಿದ್ದ ಮೊತ್ತ ತಲೆಗೆ ಸುಮಾರು 2 ಡಾಲರ್ ಲೆಕ್ಕದಲ್ಲಿ: 5,000 ಜನರ ಊರಿಗೆ 10,000 ಡಾಲರ್, ಅದಕ್ಕೆ ವರ್ಷಕ್ಕೆ 1,000 ಡಾಲರ್ ನಿರ್ವಹಣೆ. ಬಳಿಕ ನಕ್ಷೆಗೆ ಒಪ್ಪಿಗೆ. ಹಣವೂ ಒಂದೇ ಸಲ ಬರುತ್ತಿರಲಿಲ್ಲ. ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಬಿಡುಗಡೆ ಆಗುತ್ತಿತ್ತು.

ಪ್ರತಿವರ್ಷ ಹತ್ತು ಶೇಕಡ ಎಂಬ ಹಟ ಯಾಕೆ? ದಾನಿಯೇ ಒಂದು ಠೇವಣಿ ಇಟ್ಟರಾಗದೇ?

ನಮ್ಮ ಊರಿನ ಲೆಕ್ಕದಲ್ಲೇ ನೋಡಿ. 20 ಲಕ್ಷ ರೂಪಾಯಿಯ ಕಟ್ಟಡಕ್ಕೆ ಹತ್ತು ಶೇಕಡ ಎಂದರೆ ವರ್ಷಕ್ಕೆ 2 ಲಕ್ಷ. ಶೇ. 7 ಬಡ್ಡಿಯ ಠೇವಣಿಯಿಂದ ಆ 2 ಲಕ್ಷ ಬರಬೇಕಾದರೆ ಬ್ಯಾಂಕಿನಲ್ಲಿ ಸುಮಾರು 28.5 ಲಕ್ಷ ಇರಬೇಕು. ಕಟ್ಟಡಕ್ಕಿಂತ ಠೇವಣಿಯೇ ದೊಡ್ಡದಾಯಿತು! ಅದೂ ಬಡ್ಡಿ ಇಳಿದರೆ, ಬೆಲೆ ಏರಿದರೆ ಸಾಲದು. ತೆರಿಗೆ ಹಾಗಲ್ಲ, ಊರು ಬೆಳೆದಂತೆ ಅದೂ ಬೆಳೆಯುತ್ತದೆ.

ಇನ್ನೊಂದು ಕಾರಣ ದುಡ್ಡಿನದ್ದಲ್ಲ. ತಾನು ತೆರಿಗೆ ಕಟ್ಟಿ ನಡೆಸುವ ಗ್ರಂಥಾಲಯದಲ್ಲಿ ಓದುಗ ಯಾರ ಹಂಗಿನಲ್ಲೂ ಇರುವುದಿಲ್ಲ. ಪುಸ್ತಕ ಬಂದಿಲ್ಲವೆಂದು ಜೋರಾಗಿ ಕೇಳುವ ಹಕ್ಕು ಅವನಿಗಿರುತ್ತದೆ. ಕಾರ್ನೆಗಿ ಕೊಟ್ಟವುಗಳಲ್ಲಿ ಕಲ್ಲು-ಗಾರೆಯ ಕಟ್ಟಡಕ್ಕಿಂತ ಈ ಷರತ್ತೇ ದೊಡ್ಡ ಕೊಡುಗೆ ಎಂದು ನಾವು ತಿಳಿಯುತ್ತೇವೆ.

ಪುಸ್ತಕಕ್ಕೂ ದುಡ್ಡು ಕೊಡುತ್ತಿದ್ದರೇ?

ಸಾಮಾನ್ಯವಾಗಿ ಇಲ್ಲ. ಕಟ್ಟಡಕ್ಕೆ ಮಾತ್ರ. ಪುಸ್ತಕ, ಸಿಬ್ಬಂದಿ, ದೀಪ ಎಲ್ಲ ಊರಿನ ಪಾಲು.

ಬಾಗಿಲ ಮೇಲೆ ತನ್ನ ಹೆಸರು ಕೆತ್ತಿಸಬೇಕೆಂದು ಷರತ್ತು ಹಾಕುತ್ತಿದ್ದರೇ?

ಇಲ್ಲ. ಹೆಸರು ಹಾಕಿದ್ದು ಆಯಾ ಊರಿನವರ ಇಷ್ಟ.

ಕಟ್ಟಡ ಹೇಗಿರಬೇಕೆಂದು ಹೇಳುತ್ತಿದ್ದರು? ಅದೇ ನಕ್ಷೆ ನಮಗೆ ಆಗುತ್ತದೆಯೇ?

ಮೊದಮೊದಲು ಊರುಗಳು ಗುಮ್ಮಟ, ಕಂಬ, ದೊಡ್ಡ ಮೆಟ್ಟಿಲು ಎಂದು ದುಡ್ಡು ಸುರಿದು, ಕಪಾಟಿಗೇ ಜಾಗ ಸಾಲದೆ ಕಷ್ಟಪಟ್ಟವು. ಇದನ್ನು ಕಂಡು ಬರ್ಟ್ರಮ್ 1911ರಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ ಹಂಚಿದರು. ಆಯತಾಕಾರದ ಸರಳ ಕಟ್ಟಡ; ಕೆಳಗೆ ತಗ್ಗಿನ ಅಂತಸ್ತಿನಲ್ಲಿ ಭಾಷಣದ ಕೋಣೆ; ಮೇಲೆ ಅಡ್ಡಗೋಡೆ ಇಲ್ಲದ ಒಂದೇ ಹಜಾರ, 12ರಿಂದ 15 ಅಡಿ ಎತ್ತರ; ಒಬ್ಬರೇ ಗ್ರಂಥಪಾಲಕರು ಕುಳಿತಲ್ಲಿಂದ ಎಲ್ಲ ಮೂಲೆಯನ್ನೂ ಕಾಣುವಂತೆ. ಪಕ್ಕದ ಮತ್ತು ಹಿಂದಿನ ಗೋಡೆಯ ಕಿಟಕಿಗಳು ನೆಲದಿಂದ ಸುಮಾರು 6 ಅಡಿ ಮೇಲೆ. ಅದರ ಕೆಳಗೆ ಗೋಡೆಯುದ್ದಕ್ಕೂ ಕಪಾಟು.

ಅಡ್ಡಗೋಡೆ ಬೇಡ, ಒಬ್ಬರ ಕಣ್ಣಳತೆಯಲ್ಲಿ ಎಲ್ಲ ಇರಲಿ ಎಂಬಷ್ಟನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ. ಗೋಡೆಗೆ ತಾಗಿಸಿ ಕಪಾಟು, ಮೇಲೆ ಕಿಟಕಿ ಎಂಬುದನ್ನು ಮಾತ್ರ ಇಲ್ಲಿ ಮಾಡಬೇಡಿ. ನಮ್ಮದು ಮುರಕಲ್ಲಿನ ಗೋಡೆ. ಆಟಿಯ ಜಡಿಮಳೆಯಲ್ಲಿ ಅದು ನೀರು ಕುಡಿದು ಒಳಗೆ ತಂಪು ಬಿಡುತ್ತದೆ. ಗೋಡೆಗೆ ಒತ್ತಿ ನಿಂತ ಕಪಾಟಿನ ಹಿಂದೆ ಗಾಳಿಯಾಡದೆ, ಹಿಂದಿನ ಸಾಲಿನ ಪುಸ್ತಕಗಳ ಬೆನ್ನಿಗೆ ಮೊದಲು ಬಿಳಿ ಬೂಸ್ಟು ಹಿಡಿಯುತ್ತದೆ, ಆಮೇಲೆ ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಬಣ್ಣದ ಚಿತ್ರಗಳಿರುವ ನುಣುಪು ಹಾಳೆಯ ಪುಸ್ತಕ ಹೀಗೆ ಅಂಟಿದರೆ ಬಿಡಿಸಲು ಹೋದಾಗ ಅಕ್ಷರವೇ ಕಿತ್ತು ಬರುತ್ತದೆ. ಕಪಾಟು ಗೋಡೆಯಿಂದ ಒಂದು ಗೇಣು ದೂರ ಇರಲಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿರಲಿ. ಕಿಟಕಿಗಳು ಎದುರುಬದುರಾಗಿ ಸೊಂಟದ ಎತ್ತರದಲ್ಲಿರಲಿ, ಮಾಡು ಗೋಡೆಯಿಂದ ಕನಿಷ್ಠ 3 ಅಡಿ ಹೊರಗೆ ಚಾಚಿರಲಿ. ತಗ್ಗಿನ ಅಂತಸ್ತಂತೂ ಬೇಡವೇ ಬೇಡ, ನೀರು ಒಸರುತ್ತದೆ. ಮರದ ಕಪಾಟಾದರೆ ಒರಲೆಯ ಮಣ್ಣಿನ ಗೆರೆ ಕಾಲಿನಲ್ಲಿ ಏರಿದೆಯೇ ಎಂದು ತಿಂಗಳಿಗೊಮ್ಮೆ ಬಗ್ಗಿ ನೋಡಬೇಕು. ಗೆರೆ ಕಂಡ ದಿನವೇ ಪುಸ್ತಕ ಇಳಿಸಬೇಕು.

ಈ ಯೋಜನೆ ಎಲ್ಲಿ ಸೋತಿತು?

ಕೆಲವು ಊರುಗಳು ಹಣವೇ ಬೇಡ ಎಂದವು. ಪಶ್ಚಿಮ ವರ್ಜೀನಿಯಾದ ವೀಲಿಂಗ್‌ನಲ್ಲಿ ಕಾರ್ಮಿಕ ಸಂಘಗಳು ಹೋಮ್‌ಸ್ಟೆಡ್ ನೆನಪಿಸಿ ಮತದಾನದಲ್ಲಿ ಅದನ್ನು ಸೋಲಿಸಿದವು. ಡೆಟ್ರಾಯಿಟ್ ವರ್ಷಗಟ್ಟಲೆ ಚರ್ಚಿಸಿ 1910ರಲ್ಲಿ ಒಪ್ಪಿತು. ತೆಗೆದುಕೊಂಡ ಊರುಗಳಲ್ಲಿ ಕೆಲವು ಕಟ್ಟಡ ಎದ್ದ ಮೇಲೆ ಹತ್ತು ಶೇಕಡವನ್ನು ಮರೆತವು.

ಕಾರ್ಪೊರೇಷನ್ ಕೋರಿಕೆಯಂತೆ ಆಲ್ವಿನ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಸುಮಾರು ನೂರು ಗ್ರಂಥಾಲಯಗಳನ್ನು ಸುತ್ತಿ 1916ರಲ್ಲಿ ವರದಿ ಕೊಟ್ಟರು. ಕಟ್ಟಡದ ಕೊರತೆಗಿಂತ ತರಬೇತಾದ ಗ್ರಂಥಪಾಲಕರ ಕೊರತೆ ದೊಡ್ಡದು, ಹಣ ಆ ಕಡೆ ಹೋಗಲಿ ಎಂಬುದು ಅದರ ಸಾರ. ಕಲ್ಲಿಗೆ ಕೊಟ್ಟ ಗಮನವನ್ನು ಮನುಷ್ಯರಿಗೆ ಕೊಟ್ಟಿರಲಿಲ್ಲ. 1917ರಲ್ಲಿ, ಯುದ್ಧದ ನಡುವೆ, ಹೊಸ ಕಟ್ಟಡಗಳಿಗೆ ಮಂಜೂರಾತಿ ನಿಂತಿತು.

ನಮ್ಮ ಕಡೆಗೆ ಈ ವಿಚಾರ ಬಂದಿದೆಯೇ?

ಕಾರ್ನೆಗಿ ಹಣ ಹೋದದ್ದು ಮುಖ್ಯವಾಗಿ ಇಂಗ್ಲಿಷ್ ಮಾತಾಡುವ ನಾಡುಗಳಿಗೆ. ಆದರೆ ಗ್ರಂಥಾಲಯ ತೆರಿಗೆಯಿಂದ ನಡೆಯಬೇಕು ಎಂಬ ವಿಚಾರ ನಮ್ಮಲ್ಲಿ ಬಂದದ್ದು ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರ ದುಡಿಮೆಯಿಂದ. 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈ (ಆಗ ರೂಪಾಯಿಗೆ 192 ಪೈ) ಗ್ರಂಥಾಲಯ ಕರ ವಿಧಿಸಿತು. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯೊಳಗೆ, ಮದ್ರಾಸ್ ಪ್ರಾಂತ್ಯದಲ್ಲಿತ್ತು.

ತಿರುವಿದಾಂಕೂರಿನ ಕಡೆ ದಾರಿ ಬೇರೆ. ಪಿ. ಎನ್. ಪಣಿಕ್ಕರ್ 1945ರಲ್ಲಿ ಊರೂರಿನ ಜನರೇ ಕಟ್ಟಿದ ವಾಚನಾಲಯಗಳನ್ನು ಸಂಘವಾಗಿ ಕೂಡಿಸಿದರು. 1956ರಲ್ಲಿ ರಾಜ್ಯ ಬದಲಾದಾಗ ಕಾಸರಗೋಡು ಆ ಪರಂಪರೆಗೆ ಸೇರಿತು. 1989ರ ಕೇರಳದ ಕಾಯ್ದೆಯಂತೆ ಕಟ್ಟಡ ತೆರಿಗೆಯ ಮೇಲೆ ಶೇ. 5 ಗ್ರಂಥಾಲಯ ಕರ ಇದೆ. ನಿಮ್ಮ ಮನೆತೆರಿಗೆಯ ರಶೀದಿ ತೆಗೆದು ನೋಡಿ, ಆ ಸಾಲು ಕಾಣುತ್ತದೆ. ಆ ಕಾಯ್ದೆಯಡಿ ವಾಚನಾಲಯಗಳಿಗೆ ನೆರವು ಹಂಚುವ ಲೈಬ್ರರಿ ಕೌನ್ಸಿಲಿನ ಗ್ರಾಂಟು ಯಾರೋ ಕೊಟ್ಟ ಭಿಕ್ಷೆಯಲ್ಲ. ಕನ್ನಡ ವಾಚನಾಲಯವೂ ಅದನ್ನು ಹಕ್ಕಿನಿಂದ ಕೇಳಬೇಕು.

ನಮ್ಮೂರಿಗೆ ದಾನಿಯೊಬ್ಬರು ಕಟ್ಟಡ ಕೊಡುತ್ತೇನೆ ಎಂದಿದ್ದಾರೆ. ಮೊದಲು ಏನು ಮಾಡಬೇಕು?

ಹೂಹಾರಕ್ಕೆ ಮೊದಲು ಲೆಕ್ಕ. ಕಟ್ಟಡದ ಅಂದಾಜಿನ ಹತ್ತನೇ ಒಂದು ಪಾಲು ವರ್ಷಾವರ್ಷ ಎಲ್ಲಿಂದ ಬರುತ್ತದೆ ಎಂದು ಊರ ಹತ್ತು ಸಮಸ್ತರು ಕುಳಿತು ಬರೆಯಬೇಕು: ಕೌನ್ಸಿಲಿನ ಗ್ರಾಂಟು ಎಷ್ಟು, ಪಂಚಾಯತಿನಿಂದ ಎಷ್ಟು, ಸದಸ್ಯರ ವಂತಿಗೆ ಎಷ್ಟು. ಮೇಲಿನ 2 ಲಕ್ಷದ ಉದಾಹರಣೆಯಲ್ಲಿ ಅರ್ಧವನ್ನು ಗ್ರಂಥಪಾಲಕರಿಗೆ, 50,000ವನ್ನು ಪುಸ್ತಕ ಮತ್ತು ಪತ್ರಿಕೆಗೆ, 30,000ವನ್ನು ಮಳೆಗಾಲಕ್ಕೆ ಮೊದಲು ಹಂಚು-ದಂಬೆ ಸರಿಪಡಿಸಲು ಮತ್ತು ಒರಲೆ ಮದ್ದಿಗೆ, ಉಳಿದ 20,000ವನ್ನು ಕರೆಂಟು ಮತ್ತು ರಟ್ಟು ಕಟ್ಟಿಸಲು ತೆಗೆದಿಡಬಹುದು. ಹೊಂದುವುದಿಲ್ಲವಾದರೆ ಕಟ್ಟಡವನ್ನೇ ಸಣ್ಣದು ಮಾಡಲು ದಾನಿಯಲ್ಲಿ ಕೇಳಿ. 10 ಲಕ್ಷದ ಕಟ್ಟಡದಲ್ಲಿ ದಿನಾ ಬಾಗಿಲು ತೆರೆಯುವುದು, 20 ಲಕ್ಷದ ಕಟ್ಟಡಕ್ಕೆ ಬೀಗ ಬೀಳುವುದಕ್ಕಿಂತ ಎಷ್ಟೋ ಮೇಲು.

ಸಮಿತಿ ನೋಂದಣಿ ಆಗಿರಲೇಬೇಕು. ಕಾಸರಗೋಡು ಹಳೆಯ ಮದ್ರಾಸ್ ಭಾಗವಾದ್ದರಿಂದ ಇಲ್ಲಿ ಸಂಘಗಳ ನೋಂದಣಿ 1860ರ ಕಾಯ್ದೆಯಡಿ ನಡೆಯುತ್ತದೆ. ದಕ್ಷಿಣ ಕೇರಳದಲ್ಲಿ ಬೇರೆ ಕಾಯ್ದೆ; ಅಲ್ಲಿನ ಸಂಘಗಳ ಬೈಲಾ ನಕಲು ಮಾಡುವಾಗ ಕಾಯ್ದೆಯ ಹೆಸರು ತಪ್ಪುವುದುಂಟು, ಗಮನಿಸಿ. ಜಾಗ ಸಮಿತಿಯ ಅಥವಾ ಪಂಚಾಯತಿನ ಹೆಸರಿಗೆ ದಾಖಲಾಗುವ ತನಕ ಪಾಯ ತೋಡಬೇಡಿ. ಜಾಗ ಕೊಟ್ಟ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟು ತೀರಿಹೋದರೆ, ಪಾಲು ಪಟ್ಟಿಯ ಹೊತ್ತಿಗೆ ವಾಚನಾಲಯ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ.

ದಾನಿ ಗಲ್ಫಿನಲ್ಲಿದ್ದಾರೆ. ಹಣ ನೇರ ಕಳಿಸಬಹುದೇ?

ಅವರ ಪಾಸ್‌ಪೋರ್ಟ್ ಯಾವುದು ಎಂಬುದೇ ಮುಖ್ಯ. ಭಾರತೀಯ ಪ್ರಜೆಯಾಗಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಇಲ್ಲೇ ಹುಟ್ಟಿದವರಾದರೂ, ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬಾರದು. ಅಲ್ಲಿನ ಕಂಪನಿಯ ಖಾತೆಯಿಂದ ಬಂದರೂ ಇದೇ ನಿಯಮ. ಪಾಸ್‌ಪೋರ್ಟ್ ಪ್ರತಿ ತೆಗೆದಿಟ್ಟುಕೊಂಡು ರಶೀದಿ ಬರೆಯಿರಿ.

ದಾನಿಯ ಜೊತೆ ಏನೇನು ಬರೆದುಕೊಳ್ಳಬೇಕು?

ಒಂದು ಹಾಳೆ ಸಾಕು. ದಾನಿ ಕೊಡುವ ಮೊತ್ತ, ಎಷ್ಟು ಕಂತು, ಯಾವ ಕೆಲಸ ಮುಗಿದಾಗ ಯಾವ ಕಂತು (ಪಾಯ, ಗೋಡೆ, ಮಾಡು, ನೆಲ ಎಂದು ನಾಲ್ಕು ಮಾಡಿದರೆ ಅನುಕೂಲ). ಸಮಿತಿ ವರ್ಷಕ್ಕೆ ಕೊಡುವ ನಿರ್ವಹಣೆಯ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ. ಒಳಗೆ ಕೂತು ಓದಲು ಯಾರಿಗೂ ಶುಲ್ಕ ಇಲ್ಲ ಎಂಬ ಮಾತು. ಪುಸ್ತಕದ ಆಯ್ಕೆ ಸಮಿತಿಯದ್ದು, ದಾನಿಯದ್ದಲ್ಲ ಎಂಬ ಮಾತು. ಕನ್ನಡ ಪುಸ್ತಕಗಳಿಗೆ ಖರೀದಿಯಲ್ಲಿ ಎಷ್ಟು ಪಾಲು ಎಂಬುದನ್ನೂ ಇಲ್ಲೇ ಬರೆಯಿರಿ. ಆಮೇಲೆ ಸೇರಿಸುತ್ತೇವೆ ಎಂದುಕೊಂಡರೆ ಸೇರುವುದಿಲ್ಲ. ಹಾಳೆಯನ್ನು ಮಹಾಸಭೆಯಲ್ಲಿ ಗಟ್ಟಿಯಾಗಿ ಓದಿ, ನಿರ್ಣಯ ಪುಸ್ತಕದಲ್ಲಿ ನಕಲು ಬರೆದು, ಹಾಜರಿದ್ದವರೆಲ್ಲರ ಸಹಿ ಹಾಕಿಸಿ. ಒಂದು ಪ್ರತಿಗೆ ಚೌಕಟ್ಟು ಹಾಕಿಸಿ ಓದುವ ಮೇಜಿನ ಎದುರಿನ ಗೋಡೆಗೆ ತೂಗುಹಾಕಿ, ದಾನಿಯ ಹೆಸರಿನ ಕಲ್ಲು ಹೊರಗಿರಲಿ.